ಅಧ್ಯಕ್ಷರು ‘ಇಲ್ಲ’ ಅಂದರು

ಹಲೋ ಅಕ್ಕನಿಗೆ ಆ ಹೆಸರು ಬಂದದ್ದು ಟೆಲಿಫೋನ್ ಎಕ್ಸ್‌ಚೇಂಜಿನಿಂದ. ಪ್ರಾಯವೆಲ್ಲ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಊರವರ ಮಾತಿಗೆ ಮಾತು ಜೋಡಿಸುತ್ತ ಕೂತವಳು. ನಿವೃತ್ತಿಯಾದ ಮೇಲೂ ಬಾಗಿಲು ತಟ್ಟಿದವರನ್ನು ‘ಹಲೋ’ ಎಂದೇ ಮಾತಾಡಿಸುತ್ತಿದ್ದಳು.

ಅವಳ ಗಂಡ ಬಡಗಿ ಮೇಸ್ತ್ರಿ. ಮನೆಯ ಗೋಡೆಗೆ ಅಂಟಿಕೊಂಡೇ ಅವನ ಮರಗೆಲಸದ ಶೆಡ್ಡು. ಕೈ ಎಷ್ಟು ಚುರುಕೋ ಬಾಯಿಯೂ ಅಷ್ಟೇ ಚುರುಕು. ಬಾಗಿಲು ಮಾಡಿಸಲು ಬಂದವರಿಗೆ, “ಕಳ್ಳರು ಬರದ ಹಾಗೆ ಮಾಡಿಕೊಡ್ತೀನಿ. ನೆಂಟರನ್ನ ತಡೆಯೋದು ಮಾತ್ರ ನಿಮ್ಮ ಹಣೆಬರಹ” ಎನ್ನುತ್ತಿದ್ದ. ಅಂಥವನು ಒಂದು ಬೆಳಿಗ್ಗೆ ಹಲಗೆ ಉಜ್ಜುತ್ತಿದ್ದವನು ಹಾಗೇ ಬಲಕ್ಕೆ ವಾಲಿ ಹೊಟ್ಟಿನ ರಾಶಿಯ ಮೇಲೆ ಬಿದ್ದ. ಲಕ್ವ. ಪ್ರಾಣ ಉಳಿಯಿತು, ಬಲಗೈ ಹೋಯಿತು, ಮಾತು ಹೋಯಿತು. ಇಡೀ ಜೀವಮಾನದ ಮಾತಿನಲ್ಲಿ ನಾಲಿಗೆಗೆ ಅಂಟಿಕೊಂಡು ಉಳಿದದ್ದು ಒಂದೇ ಒಂದು: ‘ಇಲ್ಲ.’

ಹಸಿವಾ ಅಂದರೆ ಇಲ್ಲ. ಊಟ ಬೇಡವಾ ಅಂದರೂ ಇಲ್ಲ. ತನಗೆ ಬೇಕಾದ ಮಾತು ಬಾಯಿಂದ ಬರಲಿಲ್ಲವೆಂಬುದು ಅವನಿಗೂ ಗೊತ್ತಾಗುತ್ತಿತ್ತು. ಎಡಗೈಯಿಂದ ತೊಡೆಗೆ ಗುದ್ದಿಕೊಳ್ಳುತ್ತಿದ್ದ. “ಬುದ್ಧಿಗೆ ಏನೂ ಆಗಿಲ್ಲಮ್ಮ. ನೀವು ಹೇಳೋದೆಲ್ಲ ಅವರಿಗೆ ಅರ್ಥ ಆಗುತ್ತೆ. ಒಳಗಿನ ಮಾತು ಹೊರಗೆ ಬರೋ ದಾರಿ ಕೆಟ್ಟಿದೆ, ಅಷ್ಟೇ” ಎಂದರು ಡಾಕ್ಟರು. ಅಕ್ಕ ಕನ್ನಡಿ ಹಿಡಿದು ತುಟಿ ತೋರಿಸಿದಳು, ಚಿತ್ರ ತೋರಿಸಿದಳು, ಒಂದೊಂದೇ ಅಕ್ಷರ ಹೇಳಿಸಿದಳು. ಮಾತು ಬರಲಿಲ್ಲ. ಆದರೆ ಅವಳ ಕಿವಿ ಪಳಗಿತು. ಹುಬ್ಬು ಮೇಲೇರಿದರೆ ಆ ಇಲ್ಲ ‘ಹೌದು’; ದನಿ ಕೆಳಗಿಳಿದು ಕಣ್ಣು ನೇರ ನಿಂತರೆ ಅದು ನಿಜವಾದ ಇಲ್ಲ.

ಅದೇ ಆಸ್ಪತ್ರೆಯಲ್ಲಿ ಅಂಥವರೇ ಇನ್ನಷ್ಟು ಜನ ಪರಿಚಯವಾದರು. ‘ರೈಟ್ ರೈಟ್’ ಒಂದು ಬಿಟ್ಟು ಬೇರೇನೂ ಬಾರದ ಬಸ್ ಕಂಡಕ್ಟರ್ ಒಬ್ಬ. ನೀರು ಬೇಕೆಂದು ಕೇಳಲಾಗದೆ ಒಂದು ಎರಡು ಮೂರು ಎಣಿಸುವ ಟೀಚರಮ್ಮ. ಅಕ್ಕ ಎಲ್ಲರನ್ನೂ ಶೆಡ್ಡಿಗೆ ಕರೆದಳು. ಗರಗಸಗಳನ್ನು ಗೋಡೆಗೆ ನೇತುಹಾಕಿ, ಮರ ಕೊಯ್ಯುವ ದೊಡ್ಡ ಬೆಂಚಿನ ಸುತ್ತ ಕುರ್ಚಿ ಹಾಕಿದಳು. ಮೇಸ್ತ್ರಿ ಬಾಗಿಲ ಬಳಿ ತನ್ನ ಹಳೇ ಸ್ಟೂಲಿನ ಮೇಲೆ ಕೂತು, ಬಂದವರಿಗೆಲ್ಲ ಎಡಗೈಯಲ್ಲಿ ಕುರ್ಚಿ ಎಳೆದುಕೊಟ್ಟು “ಇಲ್ಲ” ಎಂದು ಸ್ವಾಗತಿಸುತ್ತಿದ್ದ. ಕಂಡಕ್ಟರ್ “ರೈಟ್ ರೈಟ್” ಎನ್ನುತ್ತಿದ್ದ. ಶೆಡ್ಡು ತುಂಬ ನಗು. ಸಂಘ ಅಂತ ನೋಂದಾಯಿಸುವ ದಿನ ಎಲ್ಲರ ಬೆರಳೂ ಮೇಸ್ತ್ರಿಯತ್ತಲೇ ತಿರುಗಿತು: ಅಧ್ಯಕ್ಷ ಅವನೇ. ಆ ದಿನ ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಸಿಕೊಂಡ.

ಅಕ್ಕನಿಗೆ ಗೊತ್ತಿದ್ದದ್ದು ಮಾಡಿ ನೋಡಿ ಕಲಿತ ವಿದ್ಯೆ. ಮಾತು ಕಲಿಸುವುದನ್ನೇ ಓದಿದ ತಜ್ಞರು ಬಂದರೆ ಇವರಲ್ಲಿ ಅರ್ಧ ಜನಕ್ಕಾದರೂ ಮಾತು ಮರಳೀತು, ಅದಕ್ಕೆ ಕೇಂದ್ರ ಸರ್ಕಾರದ ನೆರವು ಸಿಗುತ್ತದೆ ಎಂದು ಡಾಕ್ಟರು ಹೇಳಿದರು. ನೆರವಿಗೆ ಅರ್ಜಿ ಹಾಕಬೇಕಾದರೆ ಮೊದಲು ಸಂಸ್ಥೆಗೊಂದು ಗುರುತಿನ ನಂಬರು ಬೇಕು. ಮನುಷ್ಯರಿಗೆ ಇರುತ್ತದಲ್ಲ, ಹಾಗೆ. ಕೊರಿಯರ್ ಆಫೀಸಿನಲ್ಲಿ ಕೆಲಸ ಮಾಡುವ ಮಗಳು ಕಂಪ್ಯೂಟರಿನಲ್ಲಿ ಎಲ್ಲ ತುಂಬಿದಳು. ಅಧ್ಯಕ್ಷರ ಫೋನ್ ನಂಬರು ಎಂಬಲ್ಲಿ ಮನೆಯ ನಂಬರನ್ನೇ ಹಾಕಿದಳು.

ಅಕ್ಕ ತರಕಾರಿಗೆ ಹೋಗಿದ್ದಾಗ ಒಂದು ಫೋನ್ ಬಂತು. ಅವಳು ಹಿಂತಿರುಗಿದಾಗ ಮೇಸ್ತ್ರಿ ರಿಸೀವರನ್ನು ಎದೆಗೆ ಒತ್ತಿಕೊಂಡು ಬೆವರುತ್ತ ನಿಂತಿದ್ದ. ಯಾರದೆಂದು ತಿಳಿಯಲಿಲ್ಲ. ಅರ್ಜಿ ತಿರಸ್ಕೃತವಾಗಿದೆಯೆಂದು ಸಂದೇಶ ಬಂದಾಗ ತಿಳಿಯಿತು: ಪರಿಶೀಲನೆಗೆ ಮಾಡಿದ ಕರೆಯಲ್ಲಿ ಅಧ್ಯಕ್ಷರೇ ಸಂಸ್ಥೆಯೊಂದಿಗೆ ಯಾವ ಸಂಬಂಧವೂ ಇಲ್ಲ ಎಂದಿದ್ದಾರೆ.

ಅಕ್ಕ ನಂಬರು ಕೊಡುವ ಕಚೇರಿಗೆ ಹೋದಳು. ಗೋಡೆಗೆ ತಾಗಿ ಬೆಂಚುಗಳು, ಗಾಜಿನ ಆಚೆ ಒಬ್ಬ ಅಧಿಕಾರಿ. ಕೆಟ್ಟವನೇನಲ್ಲ, ಕುರ್ಚಿ ಕೊಟ್ಟು ಕೂರಿಸಿ ಕರೆಯ ರೆಕಾರ್ಡನ್ನು ಹಾಕಿ ಕೇಳಿಸಿದ.

“ನೀವು ಈ ಸಂಘದ ಅಧ್ಯಕ್ಷರಾ?”

“ಇಲ್ಲ.”

“ಈ ಸಂಘ ನಿಮಗೆ ಗೊತ್ತಾ?”

“ಇಲ್ಲ. ಇಲ್ಲ.”

ಎರಡನೆಯ ಉತ್ತರದಲ್ಲಿ ಅಳುವಿನ ಅಂಚು ಇತ್ತು. ಎಷ್ಟೋ ಸಾವಿರ ಜನರ ದನಿ ಕೇಳಿದ ಕಿವಿಗೆ ಅದು ಚೂರಿಯ ಹಾಗೆ ಇಳಿಯಿತು.

“ಸಾರ್, ಅವರಿಗೆ ಆ ಒಂದು ಮಾತು ಬಿಟ್ಟು ಬೇರೆ ಬರಲ್ಲ. ಅದು ಹೌದು ಅಂತ ಹೇಳಿದ್ದು. ನನಗೆ ಗೊತ್ತಾಗುತ್ತೆ.”

“ನಿಮಗೆ ಗೊತ್ತಾಗುತ್ತಮ್ಮ. ನಾನೇನಂತ ಬರೀಲಿ? ಅಧ್ಯಕ್ಷರು ಇಲ್ಲ ಅಂದರು, ಅದು ಹೌದು ಅಂತ ಅವರ ಹೆಂಡತಿ ಹೇಳಿದರು, ಅಂತಾನಾ? ಗಂಡನ ಹೆಸರಲ್ಲಿ ಹೆಂಡತಿ, ಅಣ್ಣನ ಹೆಸರಲ್ಲಿ ತಮ್ಮ, ಎಷ್ಟು ಸಂಘ ಹುಟ್ಟಿಕೊಂಡಿವೆ ಅಂತ ನಿಮಗೆ ಗೊತ್ತಿಲ್ಲ.” ರೆಕಾರ್ಡನ್ನು ನಿಲ್ಲಿಸಿ ಹೇಳಿದ: “ಇನ್ನೊಂದು ಸಲ ಅರ್ಜಿ ಹಾಕಿ. ಮತ್ತೆ ಫೋನ್ ಬರುತ್ತೆ. ಡಾಕ್ಟರ ಚೀಟಿ ನಡೆಯಲ್ಲ, ಅವರ ಬಾಯಲ್ಲೇ ಹೌದು ಅನ್ನಿಸಿ, ಸಾಕು.”

ಅಂದಿನಿಂದ ಶೆಡ್ಡಿನಲ್ಲಿ ಬೇರೆ ಪಾಠವೇ ಇಲ್ಲ. ಎಲ್ಲರೂ ಸೇರಿ ಮೇಸ್ತ್ರಿಗೆ ‘ಹೌದು’ ಕಲಿಸಿದರು. ಮೊದಲು ಬರೀ ಉಸಿರು ಬಂತು, ಆಮೇಲೆ ‘ಹೌ’ ಬಂತು. ಎಷ್ಟೋ ವಾರ ಕಳೆದ ಮೇಲೆ ಒಂದು ಮಧ್ಯಾಹ್ನ, ಚಹಾ ಬೇಕಾ ಎಂದು ಅಕ್ಕ ಕೇಳಿದಾಗ ಅವನು ಸ್ಪಷ್ಟವಾಗಿ “ಹೌದು” ಎಂದ. ಅಕ್ಕ ಲೋಟ ಕೆಳಗಿಟ್ಟು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಕಂಡಕ್ಟರ್ ಬೆಂಚು ಬಡಿದು ರೈಟ್ ರೈಟ್ ಎಂದು ಕೂಗಿದ.

ಎರಡನೆಯ ಸಲ ಫೋನ್ ಬಂದಾಗ ಅಕ್ಕ ಪಕ್ಕದಲ್ಲೇ ಇದ್ದಳು. ಸ್ಪೀಕರ್ ಹಾಕಿದಳು. ಈ ಸಲ ಹೆಂಗಸಿನ ದನಿ, ಓಟದ ಮಾತು.

“ನೀವೇ ಅಧ್ಯಕ್ಷರಾ ಸಾರ್?”

“ಹೌದು.”

“ಸಂಘ ನಡೀತಾ ಇದೆಯಾ?”

“ಹೌದು.”

ಅಕ್ಕ ಅವನ ಭುಜ ಒತ್ತಿದಳು. ಅವನ ಮುಖ ಅರಳಿತ್ತು.

“ನಿಮ್ಮ ಹೆಸರಲ್ಲಿ ಬೇರೆ ಯಾರಾದರೂ ಅರ್ಜಿ ಹಾಕಿದ್ದಾರಾ? ಬಲವಂತದಿಂದ ಸಹಿ ಮಾಡಿಸಿಕೊಂಡಿದ್ದಾರಾ?”

“ಹೌದು” ಎಂದ ಮೇಸ್ತ್ರಿ. ಅಂದ ಕ್ಷಣವೇ ಅವನ ಮುಖ ಸುಟ್ಟ ಹಾಗಾಯಿತು. ತಲೆ ಜೋರಾಗಿ ಅಲ್ಲಾಡಿಸಿದ, ತುಟಿ ಒದ್ದಾಡಿತು, ಹಳೇ ಮಾತಿಗಾಗಿ ಒಳಗೆಲ್ಲ ತಡಕಾಡಿದ. ಬಂದದ್ದು ಮತ್ತೆ “ಹೌದು, ಹೌದು.” ಅಕ್ಕ ಫೋನಿಗೆ ಬಾಯಿ ಹಾಕಿ ಅಲ್ಲ, ಅಲ್ಲ ಎಂದು ಕೂಗಿದಳು. “ಪಕ್ಕದಲ್ಲಿರೋರು ಮಾತಾಡಬಾರದು” ಎಂದು ಆ ದನಿ ಕರೆ ಮುಗಿಸಿತು. ಅಂದಿನಿಂದ ‘ಹೌದು’ ಅವನ ನಾಲಿಗೆ ಬಿಟ್ಟೇ ಹೋಯಿತು, ಹಳೇ ‘ಇಲ್ಲ’ ಒಂದೇ ಮರಳಿತು.

ಮಗಳು ಸಂಜೆ ಬಂದವಳು ವಿಷಯ ಕೇಳಿ ಒಂದೇ ಮಾತು ಹೇಳಿದಳು. “ಇನ್ನೊಂದು ಸಲ ಹಾಕೋಣ. ಫೋನ್ ಬಂದರೆ ಮೆಡಿಕಲ್ ಶಾಪಿನ ಮಾವನ ಕೈಗೆ ಕೊಡಮ್ಮ. ಅವರು ಅಪ್ಪನ ಥರ ನಾಲ್ಕು ಮಾತಾಡಲಿ. ಯಾರ ಗಂಟು ಹೋಗುತ್ತೆ?”

“ಒಬ್ಬರ ದನಿ ಇನ್ನೊಬ್ಬರದು ಅಂತ ನಾನು ಯಾವತ್ತೂ ಕನೆಕ್ಷನ್ ಕೊಟ್ಟಿಲ್ಲ” ಎಂದಳು ಅಕ್ಕ. “ನಿಮ್ಮಪ್ಪ ಬದುಕಿದ್ದಾರೆ ಕಣೇ. ಬದುಕಿರೋರಿಗೆ ಬೇರೆಯವರ ದನಿ ಹಾಕಿಸಲಾ?”

ಉಳಿದ ದಾರಿ ಒಂದೇ. ಮಾತು ಬರುವವರೊಬ್ಬರು ಅಧ್ಯಕ್ಷರಾಗಬೇಕು. ಹೆಂಡತಿಯೋ ಮಗಳೋ ಆದರೆ ಕಚೇರಿಯ ಅನುಮಾನ ಇನ್ನೂ ಬಲಿಯುತ್ತದೆ. ಮೆಡಿಕಲ್ ಶಾಪಿನವನೇ ಒಪ್ಪಿಕೊಂಡ. ಅಕ್ಕನ ಎಕ್ಸ್‌ಚೇಂಜಿನ ಗೆಳತಿಯ ತಮ್ಮ ಅವನು, ಬೀದಿಗೆ ಬೇಕಾದವನು. ಸಭೆ ಶೆಡ್ಡಿನಲ್ಲೇ ನಡೆಯಿತು. ಮೇಸ್ತ್ರಿಯ ರಾಜೀನಾಮೆಗೆ ಅವನ ಎಡಗೈ ಹೆಬ್ಬೆಟ್ಟು ಬೇಕಿತ್ತು. ಅಕ್ಕ ಅವನ ಮುಂದೆ ಕುಕ್ಕರಗಾಲಲ್ಲಿ ಕೂತು ಎಲ್ಲ ಬಿಡಿಸಿ ಹೇಳಿದಳು. “ಕಾಗದದ ಮೇಲೆ ಮಾತ್ರ ರೀ. ಜಾಗ ನಿಮ್ಮದೇ, ಯಜಮಾನರು ನೀವೇ. ಹೆಬ್ಬೆಟ್ಟು ಒತ್ತಿಸಲಾ?”

“ಇಲ್ಲ” ಎಂದ ಮೇಸ್ತ್ರಿ. ದನಿ ಕೆಳಗಿತ್ತು. ಕಣ್ಣು ನೇರ ನಿಂತಿತ್ತು.

ಮೆಡಿಕಲ್ ಶಾಪಿನವನು ಸಮಾಧಾನದ ನಗೆ ನಕ್ಕ. “ಪಾಪ, ಅವರಿಗೆ ಬರೋದೇ ಅದೊಂದು. ಒತ್ತಿಸಿ ಅಕ್ಕ.”

ಸುತ್ತ ಕೂತವರೂ ತಲೆಯಾಡಿಸಿದರು. ಆ ಇಲ್ಲ ಯಾವ ಇಲ್ಲ ಎಂದು ಅಲ್ಲಿ ಗೊತ್ತಿದ್ದದ್ದು ಅಕ್ಕನೊಬ್ಬಳಿಗೆ. ಅವಳು ಟೀಚರಮ್ಮನ ಕಡೆ ನೋಡಿದಳು, ಕಂಡಕ್ಟರನ ಕಡೆ ನೋಡಿದಳು. ಗಂಡನ ಹೆಬ್ಬೆರಳನ್ನು ಹಿಡಿದು ಇಂಕಿಗೆ ಒತ್ತಿ, ಕಾಗದಕ್ಕೆ ಒತ್ತಿದಳು. ಅವನು ಕೈ ಎಳೆದುಕೊಳ್ಳಲಿಲ್ಲ. ಸತ್ತ ಬಲಗೈಯ ಹಾಗೆ ಬಿಟ್ಟುಕೊಟ್ಟ.

ನಂಬರು ಬಂತು. ತಿಂಗಳುಗಳು ಕಳೆದ ಮೇಲೆ ನೆರವೂ ಮಂಜೂರಾಯಿತು. ತಜ್ಞೆಯೊಬ್ಬಳು ಬರತೊಡಗಿದಳು, ಚಿಕ್ಕ ವಯಸ್ಸು, ದೊಡ್ಡ ತಾಳ್ಮೆ. ಶೆಡ್ಡಿಗೆ ಸುಣ್ಣ ಬಳಿದರು, ಮರ ಕೊಯ್ಯುವ ಬೆಂಚನ್ನು ಹೊರಗೆ ಸಾಗಿಸಿದರು. ಟೀಚರಮ್ಮ ನೀರು, ಅನ್ನ, ಮಗಳೇ ಎಂದು ಕೇಳಲು ಕಲಿತಳು.

ಮೇಸ್ತ್ರಿ ಮಾತ್ರ ಆ ಸಭೆಯ ಮಾರನೆಯ ದಿನದಿಂದ ಶೆಡ್ಡಿನ ಹೊಸಲು ತುಳಿಯಲಿಲ್ಲ. ಇದ್ದೊಂದು ಮಾತನ್ನೂ ನಿಲ್ಲಿಸಿಬಿಟ್ಟ. ತಜ್ಞೆ ಮನೆಗೇ ಬಂದು ಎದುರು ಕೂತರೆ ಮಗ್ಗುಲು ತಿರುಗಿ ಮಲಗುತ್ತಿದ್ದ. ಒಂದು ಮಧ್ಯಾಹ್ನ ಅವನಿಗೆ ಗಡ್ಡ ಬೋಳಿಸುತ್ತ ಅಕ್ಕ ತಡೆಯಲಾರದೆ ಕೇಳಿದಳು, “ನನ್ನ ಮೇಲೆ ಕೋಪಾನಾ ರೀ?” ಎಷ್ಟೋ ವರ್ಷ ಕೇಳಿ ಕೇಳಿ ಬೇಸತ್ತಿದ್ದ ಆ ಎರಡಕ್ಷರಕ್ಕಾಗಿ ಕತ್ತಿ ಹಿಡಿದುಕೊಂಡೇ ಕಾದಳು. ಅವನು ಕಿಟಕಿಯ ಕಡೆ ನೋಡುತ್ತಿದ್ದ. ಸೋಪು ಕೆನ್ನೆಯ ಮೇಲೇ ಒಣಗಿತು.

ಮರುವರ್ಷ ಎರಡನೆಯ ಲಕ್ವ ಅವನನ್ನು ಕರೆದುಕೊಂಡು ಹೋಯಿತು. ಮಣ್ಣಿಗೆ ಎಲ್ಲರೂ ಬಂದರು. ಮೆಡಿಕಲ್ ಶಾಪಿನವನು ಅಧ್ಯಕ್ಷನಾಗಿ ನಾಲ್ಕು ಮಾತಾಡಿದ, ಚೆನ್ನಾಗಿಯೇ ಮಾತಾಡಿದ. ಮನೆಗೆ ಮರಳುವಾಗ ಅಕ್ಕ ಮಗಳ ಕೈ ಹಿಡಿದು, “ನೀನು ಹೇಳಿದ ಸುಳ್ಳು ಹೇಳಿದ್ದಿದ್ದರೆ ಆಗ್ತಿತ್ತು” ಎಂದಳು. ಮಗಳು, “ಬಿಡಮ್ಮ” ಎಂದಳಷ್ಟೇ.

ಅಕ್ಕ ಈಗಲೂ ದಿನಾ ಬೆಳಿಗ್ಗೆ ಶೆಡ್ಡಿನ ಬೀಗ ತೆಗೆಯುತ್ತಾಳೆ. ಹೊಸಬರು ಬಂದಾಗ ಅವರ ಮನೆಯವರು, “ಇವರಿಗೆ ಏನೂ ಬರಲ್ಲ, ಬರೀ ಇದೊಂದು ಮಾತು” ಎಂದು ಶುರು ಮಾಡುತ್ತಾರೆ. ಅವಳು ಅವರನ್ನು ಆಚೆ ಕೂರಿಸಿ, ರೋಗಿಯ ಎದುರಿಗೆ ಕುರ್ಚಿ ಎಳೆದುಕೊಂಡು, ಆ ಒಂದು ಮಾತನ್ನು ತುಂಬ ಹೊತ್ತು ಕೇಳಿಸಿಕೊಳ್ಳುತ್ತಾಳೆ.