ಕಲ್ಲಟ್ಟಿ ಏರಿನಲ್ಲಿ ಕೇಳಿಸದ ಸದ್ದು

ನಮ್ಮ ಮನೆಯ ಹಳೆಯ ಅಂಬಾಸಡರ್ ನನ್ನ ಮಾವನವರು ಕೊಂಡದ್ದು. ನನ್ನ ಗಂಡ ಗಾಡಿ ಓಡಿಸಲು ಕಲಿತದ್ದು ಅದರಲ್ಲೇ. ಪವರ್ ಹೌಸಿನ ಕೆಲಸದಿಂದ ನಿವೃತ್ತರಾದ ಮೇಲೆ ಇವರ ಬೆಳಗುಗಳೆಲ್ಲ ಅದರ ಬಾನೆಟ್ಟಿನ ಕೆಳಗೇ ಕಳೆಯತೊಡಗಿದವು. ಊಟಿ ಪಕ್ಕದ ನಮ್ಮ ಕೆತ್ತಿಯಲ್ಲಿ ಮಂಜು ಕರಗುವ ಹೊತ್ತಿಗೆ ನಾನು ಕಾಫಿ ಹಿಡಿದು ಹೋದರೆ ಮೊದಲು ಕಾಣುವುದು ಇವರ ಬೆನ್ನು, ಸ್ವೆಟರಿನ ಮೇಲೆ ಒಗೆದರೂ ಹೋಗದ ಗ್ರೀಸಿನ ಕಲೆ.

ಇವರು ಟೈಮಿಂಗ್ ಇಡುತ್ತಿದ್ದುದು ಕಿವಿಯಿಂದ. ಇಂಜಿನ್ನಿನ ಪಕ್ಕದಲ್ಲಿ ಕಪ್ಪು ಮುಚ್ಚಳದ ಡಿಸ್ಟ್ರಿಬ್ಯೂಟರ್ ಇರುತ್ತದೆ. ಪೆಟ್ರೋಲನ್ನು ಹೊತ್ತಿಸುವ ಕಿಡಿ ಯಾವಾಗ ಹಾರಬೇಕೆಂದು ತೀರ್ಮಾನವಾಗುವುದು ಅಲ್ಲಿ. ಅದನ್ನು ಒಂದು ಕಡೆಗೆ ತಿರುಗಿಸಿದರೆ ಕಿಡಿ ಬೇಗ, ಇನ್ನೊಂದು ಕಡೆಗೆ ತಿರುಗಿಸಿದರೆ ತಡ. ಬೇಗ ಮಾಡಿದಷ್ಟೂ ಗಾಡಿ ಚುರುಕು. ಅತಿಯಾದರೆ ಮಾತ್ರ ಏರಿನಲ್ಲಿ ಇಂಜಿನ್ ಒಳಗಿನಿಂದ ಕಟಕಟ ಎನ್ನುತ್ತದೆ; ಮೆಕ್ಯಾನಿಕ್ಕುಗಳು ಅದಕ್ಕೆ ನಾಕಿಂಗ್ ಅನ್ನುತ್ತಾರೆ. ಆ ಸದ್ದು ಸಣ್ಣಗೆ ಕೇಳಿಸುವವರೆಗೆ ತಿರುಗಿಸಿ, ಆಮೇಲೆ ಕೂದಲೆಳೆಯಷ್ಟು ಹಿಂದಕ್ಕೆ ತಂದು ಬೋಲ್ಟ್ ಬಿಗಿಯುವುದು ಇವರ ಪದ್ಧತಿ. ನಮ್ಮ ಮದುವೆಯಾದಾಗಿನಿಂದ ಹಾಗೇ ನಡೆದಿತ್ತು.

ಹೋದ ಬೇಸಿಗೆಗೆ ಮೊದಲು ಗಾಡಿ ಮಂಕಾಯಿತು. ಸಮತಟ್ಟಾದ ರಸ್ತೆಯಲ್ಲೂ ಒಲ್ಲದ ಮನಸ್ಸಿನಿಂದ ಬರುತ್ತಿದೆ ಎನ್ನಿಸುತ್ತಿತ್ತು. ಇವರು ಡಿಸ್ಟ್ರಿಬ್ಯೂಟರನ್ನು ತುಸು ತಿರುಗಿಸಿದರು. ಸಾಲದೆನ್ನಿಸಿ ಇನ್ನೊಂದಿಷ್ಟು ತಿರುಗಿಸಿದರು. ಈಗ ಸರಿಹೋಯಿತು ಎಂದು ಸಂತೋಷಪಟ್ಟರು. ನಮ್ಮ ಎತ್ತರದ ತೆಳು ಗಾಳಿಯಲ್ಲಿ ಇಂಜಿನ್ ಅಷ್ಟು ಸುಲಭಕ್ಕೆ ಬಡಿದುಕೊಳ್ಳದ್ದರಿಂದ ಅದು ನಡೆಯಿತು ಕೂಡ.

ಆಗಲೇ ಬೆಟ್ಟದ ಕೆಳಗಿನ ಮಸಿನಗುಡಿಯಿಂದ ಫೋನ್ ಬಂತು. ಅಲ್ಲಿರುವ ನನ್ನ ನಾದಿನಿಯ ಮಗಳಿಗೆ ಗಂಡು ಮಗು, ತೊಟ್ಟಿಲಿಗೆ ಬರಬೇಕು ಎಂದು. ಕ್ಯಾರೆಟ್ಟು, ಬೀಟ್‌ರೂಟು ತುಂಬಿಕೊಂಡು ಹೋದೆವು, ಉಂಡೆವು, ಮಗುವನ್ನು ಎತ್ತಿ ಆಡಿಸಿದೆವು. ಮರುದಿನ ಹೊರಡುವಾಗ ನಾದಿನಿಯೂ ನಮ್ಮಲ್ಲಿ ನಾಲ್ಕು ದಿನ ಇದ್ದು ಬರುತ್ತೇನೆಂದು ಹಿಂದಿನ ಸೀಟಿನಲ್ಲಿ ಕೂತಳು. ಕೆಳಗೆ ಒಳ್ಳೆಯ ಬಿಸಿಲು. ಊಟಿಗೆ ಹತ್ತುವ ಕಲ್ಲಟ್ಟಿಯ ಏರು ಶುರುವಾಗಿ ಇವರು ಎರಡನೇ ಗೇರಿಗೆ ಹಾಕಿ ಕಾಲು ಒತ್ತಿದ್ದೇ ತಡ, ಇಂಜಿನ್ನಿನಿಂದ ಆ ಸದ್ದು ಎದ್ದಿತು. ಸಣ್ಣ ಸದ್ದಲ್ಲ, ತಗಡಿನ ಡಬ್ಬಿಯಲ್ಲಿ ಬೆಣಚುಕಲ್ಲು ಹಾಕಿ ಕುಲುಕಿದ ಹಾಗೆ.

ನಾನು ಇವರ ಮುಖ ನೋಡಿದೆ. ಇವರು ಆರಾಮವಾಗಿ ತಿರುವು ನೋಡುತ್ತಿದ್ದರು. ಈಗ ಕಾಲು ಸಡಿಲಿಸುತ್ತಾರೆ ಎಂದು ಕಾದೆ. ಸಡಿಲಿಸಲಿಲ್ಲ.

"ಅಣ್ಣಾ, ವಂಡಿ ಒಳಗೆ ಏನೋ ಬಡ್ಕೋತಾ ಇದೆಯಲ್ಲ" ಎಂದಳು ನಾದಿನಿ.

"ಎಲ್ಲಿ? ಏನೂ ಇಲ್ಲ."

"ಇದೆ, ನನಗೂ ಕೇಳಿಸ್ತಾ ಇದೆ" ಎಂದೆ ನಾನು.

ಮುಂದಿನ ತಿರುವಿನ ಅಗಲ ಜಾಗದಲ್ಲಿ ಇವರು ಗಾಡಿ ನಿಲ್ಲಿಸಿದರು. ಇಳಿದು ಬಾನೆಟ್ ಎತ್ತಿ, ಒಂದು ಕೈಯನ್ನು ಮಡ್‌ಗಾರ್ಡಿನ ಮೇಲಿಟ್ಟು ಇಂಜಿನ್ನಿನತ್ತ ಬಗ್ಗಿದರು. ನಾನು ಪಕ್ಕಕ್ಕೆ ಹೋದೆ. ತಂಗಿಗೆ ಕೇಳಿಸದಷ್ಟು ಮೆಲ್ಲಗೆ, "ನನಗೆ ಕೇಳಿಸಲೇ ಇಲ್ಲ. ಎಷ್ಟು ದಿನದಿಂದ ಹೀಗಿದೆಯೋ" ಎಂದರು.

ಅಲ್ಲಿಯವರೆಗೆ ನಾನು ಇವರದು ಮರೆವು ಅಂದುಕೊಂಡಿದ್ದೆ. ಕುಕ್ಕರಿನ ವಿಷಲ್ ಎಣಿಸಿ ಎಂದರೆ ಎಣಿಸದೆ ಕೂರುವುದು, ಮೊಮ್ಮಗಳು ಫೋನಿನಲ್ಲಿ ಮಾತಾಡುವಾಗ ಎಲ್ಲದಕ್ಕೂ ಹೂಂ ಎನ್ನುವುದು. ಆ ತಿರುವಿನಲ್ಲಿ ನಿಂತು ಎಲ್ಲವೂ ಒಟ್ಟಿಗೆ ಅರ್ಥವಾಯಿತು. ಟೂಲ್ಸ್ ಚೀಲ ತಂದು ಕೊಟ್ಟೆ. ಇವರು ಬೋಲ್ಟ್ ಸಡಿಲಿಸಿ ಡಿಸ್ಟ್ರಿಬ್ಯೂಟರನ್ನು ಅಂದಾಜಿನ ಮೇಲೆ ಹಿಂದಕ್ಕೆ ತಿರುಗಿಸಿದರು. ಸದ್ದು ಹೋಯಿತು, ಜೊತೆಗೆ ಗಾಡಿಯ ಕಸುವೂ ಹೋಯಿತು. ತೆವಳುತ್ತ ಊಟಿ ಸೇರಿದೆವು. ದಾರಿಯುದ್ದಕ್ಕೂ ನಾದಿನಿ ಒಬ್ಬಳೇ ಮಾತಾಡಿದಳು.

ಎರಡು ದಿನ ಇವರು ಗಾಡಿಯ ಕಡೆಗೆ ಹೋಗಲಿಲ್ಲ. ಮೂರನೆಯ ಬೆಳಗ್ಗೆ ನಾನೇ ಕೀಲಿಕೈ ತಗೊಂಡು ಶೆಡ್ಡಿಗೆ ಹೊರಟೆ. ಇಷ್ಟೆಲ್ಲ ತಿರುಗಿಸುವಷ್ಟು ಗಾಡಿ ಮೊದಲು ಮಂಕಾದದ್ದಾದರೂ ಯಾಕೆ ಎಂದು ಕೇಳಿದೆ. ಇವರು ಹಿಂದೆಯೇ ಬಂದರು. ಗೊತ್ತಿರುವ ವಿಷಯ ಕೇಳಿದರೆ ಇವರಿಗೆ ಸುಮ್ಮನಿರಲು ಆಗುವುದಿಲ್ಲ.

ಡಿಸ್ಟ್ರಿಬ್ಯೂಟರಿಗೆ ಅಂಟಿಕೊಂಡಿದ್ದ ಬಿಲ್ಲೆಯಂಥ ಚಪ್ಪಟೆ ಡಬ್ಬಿಯನ್ನು ತೋರಿಸಿದರು. ಕಾರ್ಬುರೇಟರಿನಿಂದ ಒಂದು ಸಣ್ಣ ಪೈಪು ಅದಕ್ಕೆ ಬಂದಿತ್ತು. ಗಾಡಿ ಹಗುರವಾಗಿ ಓಡುವಾಗ ಇಂಜಿನ್ ಆ ಪೈಪಿನ ಗಾಳಿ ಹೀರುತ್ತದಂತೆ, ಡಬ್ಬಿಯೊಳಗಿನ ರಬ್ಬರ್ ಪದರ ಎಳೆದುಕೊಂಡು ಕಿಡಿಯನ್ನು ಬೇಗ ಮಾಡುತ್ತದಂತೆ. ಏರಿನಲ್ಲಿ ಕಾಲು ಒತ್ತಿದಾಗ ಹೀರುವುದು ನಿಂತು ಕಿಡಿ ತಾನೇ ಹಿಂದಕ್ಕೆ ಬರುತ್ತದೆ. ಅದಕ್ಕೆ ವ್ಯಾಕ್ಯೂಮ್ ಅಡ್ವಾನ್ಸ್ ಎಂದು ಹೆಸರು. "ಪೈಪಿನ ತುದಿ ಬಾಯಲ್ಲಿಟ್ಟು ಎಳಿ. ಎಳೆದು ನಾಲಿಗೆ ಅಡ್ಡ ಇಡು" ಎಂದು ತಾವು ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು, ಎಳೆತಕ್ಕೆ ಸರಿಯಬೇಕಾದ ಒಳಗಿನ ತಟ್ಟೆಯನ್ನು ನೋಡುತ್ತ ನಿಂತರು.

ಎಳೆದೆ. ಬಾಯಿ ತುಂಬ ಹಳೆ ರಬ್ಬರು, ಪೆಟ್ರೋಲಿನ ರುಚಿ. ಎಳೆದಷ್ಟೂ ಗಾಳಿ ಬರುತ್ತಲೇ ಇತ್ತು, ನಾಲಿಗೆಗೆ ಯಾವ ಹಿಡಿತವೂ ಸಿಗಲಿಲ್ಲ. ತಟ್ಟೆ ಅಲ್ಲಾಡಲಿಲ್ಲ. "ಹರಿದುಹೋಗಿದೆ" ಎಂದರು. ಆ ಮಾತನ್ನು ಎಷ್ಟು ಖುಷಿಯಿಂದ ಹೇಳಿದರೆಂದರೆ ನನಗೆ ನಗು ಬಂತು. ಪದರ ಹರಿದದ್ದರಿಂದ ಗಾಡಿ ಮಂಕಾಗಿತ್ತು. ಆ ಕೊರತೆಯನ್ನು ಇವರು ಕೈಯಿಂದ ತಿರುಗಿಸಿ ತುಂಬಿಸಿದ್ದರು. ಎಲ್ಲಿ ನಿಲ್ಲಿಸಬೇಕೆಂದು ಹೇಳುವ ಸದ್ದು ಇವರನ್ನು ತಲುಪಿರಲಿಲ್ಲ.

ಹೊಸ ಡಬ್ಬಿ ಕೊಯಮತ್ತೂರಿನಿಂದ ಬಸ್ಸಿನಲ್ಲಿ ಬಂತು. ಕೂರಿಸಿದ ಮೇಲೆ ಮತ್ತೆ ನಾನೇ ಪೈಪು ಎಳೆದೆ. ಈ ಸಲ ನಾಲಿಗೆ ಗಟ್ಟಿಯಾಗಿ ಅಂಟಿಕೊಂಡಿತು, ತಟ್ಟೆ ಸರಿದು ಅಲ್ಲೇ ನಿಂತಿತು. ಆಮೇಲೆ ಇವರು ಬೆಲ್ಟ್ ಸುತ್ತುವ ಪುಲ್ಲಿ ಚಕ್ರದ ಗುರುತಿಗೆ ಸರಿಯಾಗಿ ಇಂಜಿನ್ ತಿರುಗಿಸಿ, ಒಂದು ಪುಟ್ಟ ಬಲ್ಬನ್ನು ವಯರಿಗೆ ಸಿಕ್ಕಿಸಿ, ಅದು ಹೊತ್ತಿಕೊಳ್ಳುವ ಜಾಗಕ್ಕೆ ಡಿಸ್ಟ್ರಿಬ್ಯೂಟರನ್ನು ಇಟ್ಟರು. ಇದಕ್ಕೆ ಕಿವಿ ಬೇಡ, ಕಣ್ಣು ಸಾಕು ಎಂದೆ. ಶುರುವಿಗೆ ಸಾಕು, ಕೊನೆಯದು ಏರಿನಲ್ಲೇ ಆಗಬೇಕು ಎಂದರು.

ಹೀಗಾಗಿ ನಾವು ಮತ್ತೆ ಕಲ್ಲಟ್ಟಿ ಇಳಿದೆವು. ಕೆಳಗಿನಿಂದ ಹತ್ತುವಾಗ ಇವರ ಕಾಲು ಆಕ್ಸಿಲರೇಟರಿನ ಮೇಲೆ, ನನ್ನ ಕಿವಿ ಇಂಜಿನ್ನಿನ ಮೇಲೆ. ಸದ್ದು ಕೇಳಿದರೆ ಇವರ ತೊಡೆಯ ಮೇಲೆ ತಟ್ಟಬೇಕು ಎಂದು ಒಪ್ಪಂದ. ನಾನು ಕಟ್ಟಬೆಟ್ಟಿನಲ್ಲಿ ಟೀ ಎಲೆ ಒಯ್ಯುವ ಲಾರಿಗೆ ಕಾಯುತ್ತ ಬೆಳೆದವಳು. ಲಾರಿ ಯಾವ ತಿರುವಿನಲ್ಲಿ ಗೇರು ಬದಲಿಸಿತು ಎಂದು ಮೂಟೆಯ ಮೇಲೆ ಕೂತೇ ಹೇಳುತ್ತಿದ್ದೆ. ಆದರೂ ಅವತ್ತು ಪರೀಕ್ಷೆಗೆ ಕೂತವಳ ಹಾಗೆ ಮುಂದಕ್ಕೆ ಬಗ್ಗಿ ಕೂತಿದ್ದೆ. ಒಂದು ಕಡೆ ತಟ್ಟಿದೆ. ನಿಲ್ಲಿಸಿ ಚೂರು ಹಿಂದಕ್ಕೆ ತಿರುಗಿಸಿದರು. ಮತ್ತೆ ಹತ್ತಿದೆವು. ಆಮೇಲೆ ತಟ್ಟುವ ಕಾರಣವೇ ಬರಲಿಲ್ಲ. ಗಾಡಿ ಸಲೀಸಾಗಿ ಮೇಲೆ ಬಂತು.

"ಈಗ?" ಎಂದು ಇವರು ಪ್ರತಿ ತಿರುವಿನಲ್ಲೂ ಕೇಳುತ್ತಿದ್ದರು.

"ಇಲ್ಲ. ಚೆನ್ನಾಗಿದೆ."

"ಹೇಗಿದೆ, ಹೇಳು."

ಹೇಗೆ ಹೇಳುವುದು? ದಪ್ಪ ಕಂಬಳಿ ಹೊದ್ದು ಯಾರೋ ಗುನುಗುತ್ತಿರುವ ಹಾಗಿದೆ ಎಂದೆ. ಇವರು ತಲೆಯಾಡಿಸಿದರು, ಕಣ್ಣು ಒದ್ದೆಯಾಗಿತ್ತು. ಏರು ಮುಗಿದು ತಲೈಕುಂದಾ ಬಂದಾಗ, ಊಟಿಯ ಕಿವಿ ಡಾಕ್ಟರ ಹತ್ತಿರ ಹೋಗೋಣವಾ ಎಂದು ತಾವಾಗಿಯೇ ಕೇಳಿದರು. ವರ್ಷದಿಂದ ನಾನು ಕನ್ನಡಕ, ಹಲ್ಲು ಯಾವುದಕ್ಕೆ ಕರೆದರೂ ಬಾರದವರು.

ವಯಸ್ಸಿನದು, ಕಿವಿಗೆ ಯಂತ್ರ ಹಾಕಿಕೊಳ್ಳಿ ಎಂದರು ಡಾಕ್ಟರು. ಹಾಕಿಸಿಕೊಂಡ ದಿನ ಇವರು ಮನೆಗೆ ಬಂದು ಊಟಕ್ಕೂ ಕೂರದೆ ಗಾಡಿ ಸ್ಟಾರ್ಟ್ ಮಾಡಿದರು. ಸ್ವಲ್ಪ ಹೊತ್ತು ಕೇಳಿದರು, ಹುಬ್ಬು ಗಂಟಾಯಿತು.

"ಈ ಟ್ಯಾಪೆಟ್ಟು ಇಷ್ಟು ದಿನವೂ ಹೀಗೇ ಹೊಡ್ಕೋತಿತ್ತಾ?"

ವಾಲ್ವುಗಳ ಮೇಲಿನ ಆ ಟಿಕಟಿಕ ನನಗೆ ದಿನವೂ ಕೇಳಿಸುತ್ತಿತ್ತು; ಹೌದು ಎಂದೆ.

"ಹೇಳೋದಲ್ವಾ?"

ಅದರ ಸ್ವಭಾವವೇ ಹಾಗೆ ಅಂದುಕೊಂಡಿದ್ದೆ ಎಂದೆ. ಮರುದಿನ ಬೆಳಗ್ಗೆ ಕಾಫಿ ತರುವಷ್ಟರಲ್ಲಿ ಟ್ಯಾಪೆಟ್ಟು ಸರಿಮಾಡಲು ಇಂಜಿನ್ನಿನ ಮೇಲಿನ ಮುಚ್ಚಳ ಬಿಚ್ಚಿ ಪೇಪರಿನ ಮೇಲೆ ಇಟ್ಟಾಗಿತ್ತು.