ಅಕ್ಕನ ನೋವಿಗೆ ನಾನು ಕೊಟ್ಟ ಅಂಕ

ಅಕ್ಕ ಚಾಮರಾಜಪೇಟೆಯ ಶಾಲೆಯೊಂದರಲ್ಲಿ ಮೂವತ್ತು ವರ್ಷ ಟೀಚರಾಗಿದ್ದವಳು. ಅಂಕ ಕೊಡುವುದರಲ್ಲಿ ಮಹಾ ಜಿಪುಣಿ. ಹಾಗಾಗಿ, ಕ್ಯಾನ್ಸರ್ ಬೆನ್ನುಮೂಳೆಗೆ ಇಳಿದ ಮೇಲೆ ತನ್ನ ನೋವಿಗೆ ಅವಳು ಹತ್ತಕ್ಕೆ ಎಂಟು ಕೊಟ್ಟರೆ ಅದರಲ್ಲಿ ಅರ್ಧ ಅಂಕವೂ ಹೆಚ್ಚಿರುವುದಿಲ್ಲವೆಂದು ನನಗೆ ಚೆನ್ನಾಗಿ ಗೊತ್ತಿತ್ತು.

ಇನ್ನು ಗುಣವಾಗುವುದಿಲ್ಲ, ನೋವು ತಗ್ಗಿಸಬಹುದಷ್ಟೆ ಎಂದು ಹೇಳಿ ಆಸ್ಪತ್ರೆಯವರು ಅವಳನ್ನು ಶಂಕರಪುರದ ನಮ್ಮ ಮನೆಗೆ ಕಳಿಸಿದ್ದರು. ಡಾಕ್ಟರು ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದರು. ಮಿಕ್ಕಿದ್ದೆಲ್ಲ ಫೋನಿನಲ್ಲೇ. ಬೆಳಿಗ್ಗೆ ಒಂಬತ್ತೂವರೆಗೆ ನರ್ಸ್ ಫೋನ್ ಮಾಡಿ ನೋವಿನ ಅಂಕ ಕೇಳುವರು. ಅದರ ಮೇಲೆ ಡಾಕ್ಟರು ಮಾರ್ಫಿನ್ ಎಷ್ಟೆಂದು ಹೇಳುವರು. ಫೋನು ಹಾಲಿನಲ್ಲಿ, ಅಕ್ಕ ಒಳಕೋಣೆಯಲ್ಲಿ. ನಡುವೆ ರಾಯಭಾರಿ ನಾನು.

"ಇವತ್ತೆಷ್ಟು ಸಾರ್?"

"ನಾಲ್ಕು ಸಿಸ್ಟರ್. ಪರವಾಗಿಲ್ಲ."

ನಾನು ನೆಗಡಿ ಮಾತ್ರೆಯನ್ನೂ ಅರ್ಧ ಮುರಿದು ನುಂಗುವವನು. ಮಾರ್ಫಿನ್ ಏರಿಸಿದರೆ ಅಕ್ಕ ನಿದ್ದೆಯಲ್ಲೇ ಹೋಗಿಬಿಡುತ್ತಾಳೆಂದು ನನ್ನೊಳಗಿನ ಡಾಕ್ಟರು ತೀರ್ಪು ಕೊಟ್ಟಾಗಿತ್ತು. ಎಂಟನ್ನು ನಾಲ್ಕು ಮಾಡಿ, ಅದನ್ನು ಜಾಗರೂಕತೆ ಎಂದುಕೊಂಡಿದ್ದೆ.

ಒಂದು ವಾರ ಕಳೆದ ಮೇಲೆ ನರ್ಸ್, "ಇವತ್ತು ಅವ್ರ ಹತ್ರಾನೇ ಮಾತಾಡ್ತೀನಿ, ಕೊಡಿ" ಎಂದರು.

"ವೈರ್ ಅಲ್ಲೀವರೆಗೂ ಬರಲ್ಲ ಸಿಸ್ಟರ್."

"ನಿಮ್ಮ ಮೊಬೈಲಿಗೆ ಮಾಡ್ತೀನಿ ಬಿಡಿ."

ಮೊಬೈಲನ್ನು ಅಕ್ಕನ ಕಿವಿಗೆ ಹಿಡಿದು ನಿಂತೆ.

"ಒಂಬತ್ತು" ಎಂದಳು. ಆಮೇಲೆ, ನಾನು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ, "ಇವ್ನು ದಿನಾ ನಾಲ್ಕು ಅನ್ನೋದು ಇಲ್ಲೀವರೆಗೂ ಕೇಳ್ಸತ್ತೆ. ಬೈಬೇಡಮ್ಮಾ, ಪುಕ್ಕಲು ಪ್ರಾಣಿ" ಎಂದಳು.

ನರ್ಸ್ ಬೈಯಲಿಲ್ಲ. ಡಾಕ್ಟರನ್ನು ಕೇಳಿ ಮತ್ತೆ ಫೋನ್ ಮಾಡಿ, ಹೊಸ ಪ್ರಮಾಣವನ್ನು ನನ್ನ ಬಾಯಲ್ಲಿ ಎರಡು ಸಲ ಹೇಳಿಸಿದರು. ಬೈದಿದ್ದರೆ ಒಂದಿಷ್ಟು ಹಗುರಾಗುತ್ತಿದ್ದೆನೇನೋ.

ಮಧ್ಯಾಹ್ನ ಅಕ್ಕ ನಿದ್ದೆ ಹೋದಳು. ಮುಖ ಸಡಿಲವಾಗಿತ್ತು, ಅಷ್ಟು ದಿನ ಅದು ಎಷ್ಟು ಬಿಗಿದುಕೊಂಡಿತ್ತೆಂಬುದು ಆಗ ಕಂಡಿತು. ಆದರೂ ಸುಮ್ಮನಿರಲಾರದೆ ಮೂರು ಸಲ ಅವಳ ಮೂಗಿನ ಹತ್ತಿರ ಬೆರಳಿಟ್ಟು ನೋಡಿದೆ. ಮೂರನೆಯ ಸಲ ಕಣ್ಣು ಬಿಟ್ಟಳು.

"ಉಸಿರಿದೆ ಕಣೋ. ಮಲಗಕ್ಕೆ ಬಿಡು."

"ಕೇಳಿಸ್ತಿತ್ತು ಅಂದ್ರೆ ನೀನ್ಯಾಕೆ ಒಂದು ಮಾತೂ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಅಳ್ತಿದ್ದೆ. ಆಮೇಲೆ ನಿನ್ನ ಸಮಾಧಾನ ಮಾಡೋದೂ ನಾನೇ. ಅಷ್ಟು ಶಕ್ತಿ ಇರ್ಲಿಲ್ಲ ಕಣೋ."

ಹಾಗೆಂದು ನಿಧಾನವಾಗಿ ಗೋಡೆಯ ಕಡೆ ಮಗ್ಗುಲಾದಳು. ನಾನು ಹೊರಗೆ ಬಂದು ಕೂತೆ. ಅವಳು ಹೇಳಿದ್ದು ನಿಜವಾಗಿತ್ತು. ಹಾಲಿನಲ್ಲಿ ಕೂತು, ಅವಳಿಗೆ ಕೇಳಿಸದ ಹಾಗೆ, ಅತ್ತೆ.