ಮರಿಸ್ವಾಮಿ ಮೆಲ್ಲಗೆ ಊದಲು ಶುರುಮಾಡಿದ ಮೇಲೆ

ನಾನು ಅನುಮಾನದ ಪ್ರಾಣಿ ಎಂದು ನನ್ನ ಅಕ್ಕ ಅಣ್ಣಮ್ಮ ನೆಂಟರಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ. ಹೇಳಲಿ. ಕೆ.ಆರ್. ಪೇಟೆಯ ಮದುವೆ ಛತ್ರದಲ್ಲಿ ಇಪ್ಪತ್ತೆರಡು ವರ್ಷ ಮ್ಯಾನೇಜರಾಗಿರುವವನು ಅನುಮಾನ ಪಡದಿದ್ದರೆ ಛತ್ರದಲ್ಲಿ ಒಂದು ಸೌಟೂ ಉಳಿಯುವುದಿಲ್ಲ. ಹೆಣ್ಣಿನ ಕಡೆಯವರು ಕೇಳಿದರೆ ಗಂಡಿನ ಕಡೆ, ಗಂಡಿನ ಕಡೆಯವರು ಕೇಳಿದರೆ ಹೆಣ್ಣಿನ ಕಡೆ ಎಂದು ಹೇಳಿ ಉಂಡು ಹೋಗುವವರನ್ನು ನಾನು ಎಲೆಯ ಮುಂದೆ ಕೂರುವ ಭಂಗಿಯಲ್ಲೇ ಗುರುತು ಹಿಡಿಯುತ್ತೇನೆ. ಇಂಥ ನನಗೆ ಹೊಸಹೊಳಲಿನ ಮರಿಸ್ವಾಮಿಯ ಮೇಲೆ ಮಾತ್ರ ಯಾವತ್ತೂ ಅನುಮಾನ ಬಂದಿರಲಿಲ್ಲ. ಎರಡು ವರ್ಷದ ಹಿಂದೆ ಅದೂ ಬಂತು.

ಮರಿಸ್ವಾಮಿ ನಾಗಸ್ವರದವನು. ನಮ್ಮ ಕಡೆ ವಾಲಗದವನು ಎನ್ನುತ್ತೇವೆ. ಗಿಡ್ಡ ಆಳು, ಕೆನ್ನೆ ಉಬ್ಬಿಸಿದನೆಂದರೆ ಕಣ್ಣು ಒಳಕ್ಕೆ ಹೋಗಿಬಿಡುತ್ತಿದ್ದವು. ಹನ್ನೊಂದನೆಯ ವಯಸ್ಸಿಗೇ ಅಪ್ಪನ ಪಕ್ಕ ಶ್ರುತಿಪೆಟ್ಟಿಗೆ ಹಿಡಿದು ಕೂತವನು. ಅಪ್ಪ ಸತ್ತ ಮೇಲೆ ಅದೇ ಜಮಖಾನೆಯ ಮೇಲೆ ಮುಂದಕ್ಕೆ ಸರಿದು ಕೂತ, ಅಷ್ಟೇ. ಅವನು ನಮ್ಮ ಛತ್ರದಲ್ಲಿ ಊದಿದರೆ ಬಸ್ ಸ್ಟ್ಯಾಂಡಿನಲ್ಲಿ ಕಡಲೆಕಾಯಿ ಮಾರುವ ಹೆಂಗಸರು "ತಾಳಿ ಕಟ್ಟುದ್ರು ಕಣಮ್ಮಿ" ಎಂದುಕೊಳ್ಳುತ್ತಿದ್ದರು. ವಾಲಗ ಬೇಕೆಂದು ಕೇಳಿಬಂದ ಪಾರ್ಟಿಗಳಿಗೆ ನಾನು ಬೇರೆ ಹೆಸರನ್ನೇ ಹೇಳುತ್ತಿರಲಿಲ್ಲ.

ವಾಲಗದವನಿಗೆ ಮದುವೆಯಲ್ಲಿ ಇರುವುದು ಒಂದೇ ದೊಡ್ಡ ಗಳಿಗೆ. ಗಂಡು ತಾಳಿ ಕೈಗೆತ್ತಿಕೊಂಡಾಗ ಯಾರೋ ಸೀನುತ್ತಾರೆ, ಎಲ್ಲೋ ಕೂಸು ಅಳುತ್ತದೆ, ಹಲ್ಲಿ ಲೊಚಗುಟ್ಟುತ್ತದೆ. ಅಂಥ ಅಪಶಕುನದ ಸದ್ದೊಂದೂ ಮಂಟಪಕ್ಕೆ ಮುಟ್ಟದಂತೆ ನಾಗಸ್ವರ, ಡೋಲು ಎರಡೂ ಒಟ್ಟಿಗೆ ಮೊರೆಯಬೇಕು. ಅದೇ ಗಟ್ಟಿಮೇಳ. ನಮ್ಮ ಛತ್ರದಲ್ಲಿ ಪುರೋಹಿತರು ನನ್ನ ಕಡೆ ನೋಡುತ್ತಾರೆ, ನಾನು ವಾಲಗದವರ ಕಡೆ ಕೈ ಎತ್ತಿ ಬೆರಳಾಡಿಸುತ್ತೇನೆ. ನೂರಾರು ಮದುವೆಗೆ ಎತ್ತಿದ ಕೈ ಇದು. ಅದರ ಬಗ್ಗೆ ನನಗೆ ಸಣ್ಣ ಹೆಮ್ಮೆಯೂ ಇತ್ತು.

ಇಂಥ ಮರಿಸ್ವಾಮಿ ಒಂದು ಲಗ್ನದ ಕಾಲದಲ್ಲಿ ಇದ್ದಕ್ಕಿದ್ದಂತೆ ಮೆತ್ತಗಾದ. ಸಿನಿಮಾ ಹಾಡು ಬಿಟ್ಟ. ಒಂದು ಸ್ವರ ಹಿಡಿದರೆ ಅದನ್ನು ಬಿಡಲು ಮನಸ್ಸಿಲ್ಲದವನ ಹಾಗೆ ಎಳೆಯುತ್ತಾ ಕೂರುತ್ತಿದ್ದ. ಡೋಲಿನವನಿಗೂ ಕೋಲು ಬಿಡಿಸಿ ಬೆರಳಲ್ಲೇ ನುಡಿಸಲು ಹೇಳಿದ್ದ. ಹಾಲಿನಲ್ಲಿ ಜನ ತಾವಾಗಿಯೇ ದನಿ ತಗ್ಗಿಸಿ ಮಾತಾಡುತ್ತಿದ್ದರು. ಊಟದ ಮನೆಯಲ್ಲಿ ಹಪ್ಪಳ ಮುರಿಯುವ ಸದ್ದು ಕೇಳುತ್ತಿತ್ತು. ಗಟ್ಟಿಮೇಳಕ್ಕೆ ನಾನು ಕೈ ಎತ್ತಿದರೂ ನಾಗಸ್ವರ ಏರುತ್ತಿರಲಿಲ್ಲ.

ಮೈಕ್ ಸೆಟ್ಟಿನ ಸುಭಾನ್ ಒಂದು ದಿನ ಬಂದು ಗೊಣಗಿದ.

"ನಾಗರಾಜಣ್ಣ, ಮೈಕ್ನ ಬಾಯ್ತಾವ್ಕೇ ತಂದಿಟ್ಟಿವ್ನಿ. ಆದ್ರೂ ಆ ಮನ್ಷ ಊದ್ತಾವ್ನೋ ಉಸುರು ಬುಡ್ತಾವ್ನೋ ಗೊತ್ತಾಯ್ತಿಲ್ಲ."

ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ. ಎದೆಯ ಕಾಯಿಲೆ ಬಂದಿರಬೇಕು, ಮುಚ್ಚಿಟ್ಟಿದ್ದಾನೆ ಎಂದುಕೊಂಡೆ. ಅವನು ಕೆಮ್ಮುತ್ತಾನೇನೋ ಎಂದು ಒಂದು ಇಡೀ ಧಾರೆ ಅವನ ಹಿಂದೆಯೇ ನಿಂತೆ. ಕೆಮ್ಮಲಿಲ್ಲ. ಕುಡಿತವೇ ಇರಬಹುದೆಂದು ತಾಂಬೂಲ ಕೊಡುವ ನೆಪದಲ್ಲಿ ಬಾಯಿಯ ಹತ್ತಿರ ಮೂಗು ತಂದೆ; ಬರೀ ಏಲಕ್ಕಿಯ ವಾಸನೆ. ಹಾಗಾದರೆ ಪಾಂಡವಪುರದ ಕಡೆ ಯಾವುದೋ ಹೊಸ ಛತ್ರದವರು ಇವನನ್ನು ಒಳಗೆ ಹಾಕಿಕೊಂಡಿದ್ದಾರೆ, ನಮ್ಮ ಹೆಸರು ಕೆಡಿಸಲು ಬೇಕೆಂದೇ ಮೆಲ್ಲಗೆ ಊದುತ್ತಿದ್ದಾನೆ! ಈ ವಿಚಾರ ಹೊಳೆದ ದಿನ ನನಗೆ ಊಟ ಚೆನ್ನಾಗಿ ಸೇರಿತು, ಸುಳ್ಳೇಕೆ ಹೇಳಲಿ.

ಅಷ್ಟರಲ್ಲಿ ನನ್ನ ಮನೆಯಲ್ಲೇ ಮದುವೆ ಗೊತ್ತಾಯಿತು. ಮಗಳು ತನುಶ್ರೀಗೆ ಬೆಳಗೊಳದ ಹುಡುಗ. ಮರಿಸ್ವಾಮಿಯನ್ನು ಬಿಟ್ಟು ಬೇರೆಯವರನ್ನು ಕರೆದರೆ ಊರು ಆಡಿಕೊಳ್ಳುತ್ತದೆ. ಅವನನ್ನೇ ಕರೆದರೆ ಮಗಳ ತಾಳಿಯ ಹೊತ್ತಿಗೆ ಯಾರ ಸೀನು ಕೇಳಬೇಕೋ. ಅಕ್ಕನಂತೂ ಪಟ್ಟು ಹಿಡಿದಳು.

"ಲೇ ನಾಗ, ಅವನೂದೋದು ಕೂಸ ಮಲಗ್ಸೋ ಅಂಗದೆ ಕಣ್ಲಾ. ನಮ್ ಹೆಣ್ಮಗ ಬಾಳಿ ಬದುಕ್ಬೇಕು. ಜೋರಾಗಿ ಊದೋರ ನೋಡು."

ಮಂಗಳವಾರಗಳಂದು ಮರಿಸ್ವಾಮಿ ನಾಗಸ್ವರದ ಚೀಲ ಹೊತ್ತು ಎಲ್ಲಿಗೋ ಬಸ್ಸು ಹತ್ತುತ್ತಾನೆಂದು ಸುಭಾನ್ ಹೇಳಿದ್ದ. ಮದುವೆಗೆ ಮೂರು ವಾರ ಇರುವಾಗ ನಾನೂ ಅದೇ ಬಸ್ಸಿನ ಹಿಂದಿನ ಬಾಗಿಲಲ್ಲಿ ಹತ್ತಿದೆ. ಪಾಂಡವಪುರಕ್ಕೆ ಹೋಗುತ್ತಾನೆ ಎಂದುಕೊಂಡರೆ ಬಸ್ಸು ಅದರ ಎದುರು ದಿಕ್ಕಿಗೆ ಹೊರಟಿತು; ಅವನು ಗೋವಿಂದನಹಳ್ಳಿಯಲ್ಲಿ ಇಳಿದ. ಪಂಚಲಿಂಗೇಶ್ವರನ ಗುಡಿಗೆ ನಡೆದ. ಐದು ಗರ್ಭಗುಡಿಗಳು ಸಾಲಾಗಿರುವ ಆ ಉದ್ದನೆಯ ಕಲ್ಲಿನ ಹಜಾರದಲ್ಲಿ ಒಬ್ಬ ಪೂಜಾರಿಯೂ ಇರಲಿಲ್ಲ. ನಾನು ಕಂಬದ ಹಿಂದೆ ನಿಂತೆ.

ಅವನು ಕೂತು ಒಂದು ಸ್ವರ ಹಿಡಿದ. ಎಷ್ಟು ಮೆಲ್ಲಗೆಂದರೆ, ಹೊರಗೆ ಮೇಯುತ್ತಿದ್ದ ಎಮ್ಮೆಯ ಉಸಿರೂ ಕೇಳುತ್ತಿತ್ತು. ಕಲ್ಲು ಆ ದನಿಯನ್ನು ತೆಗೆದುಕೊಂಡು, ಸ್ವಲ್ಪ ತಡೆದು, ಐದನೆಯ ಗುಡಿಯ ಕಡೆಯಿಂದ ಹಿಂದಕ್ಕೆ ಕೊಡುತ್ತಿತ್ತು. ಎದೆಯ ಕಾಯಿಲೆ ಇದೆಯೋ ಇಲ್ಲವೋ ನೋಡೇಬಿಡೋಣ ಎಂದು ಅವನ ಜೊತೆ ನಾನೂ ಉಸಿರು ಕಟ್ಟಿದೆ. ನನಗೆ ಕಣ್ಣು ಕತ್ತಲೆ ಬಂದು ಕಂಬ ಹಿಡಿದುಕೊಂಡೆ. ಅವನ ಸ್ವರ ಇನ್ನೂ ಮುಗಿದಿರಲಿಲ್ಲ.

"ಬನ್ನಿ ನಾಗರಾಜಣ್ಣ, ಅಲ್ಯಾಕೆ ಉಬ್ಬಸ ಪಡ್ತಿದ್ದೀರಿ," ಎಂದ, ತಿರುಗಿಯೂ ನೋಡದೆ. "ಮೆಲ್ಲಗೆ ಊದೋಕೇ ಜಾಸ್ತಿ ದಮ್ಮು ಬೇಕು ಕಣಣ್ಣ. ಜೋರಾಗಿ ಊದೋನು ಉಸುರ ಎಸ್ದುಬುಡ್ತಾನೆ. ಮೆಲ್ಲಗೆ ಊದೋನು ಹಿಡ್ಕಂಡಿರ್ಬೇಕು."

ಸಿಕ್ಕಿಬಿದ್ದವನ ಸಿಟ್ಟು ದೊಡ್ಡದು. "ಅಂಗಾದ್ರೆ ಗಟ್ಟಿಮೇಳಕ್ಕೆ ಯಾಕಯ್ಯ ಕೈ ಕೊಡ್ತೀಯ? ಯಾರು ಹೇಳ್ಕೊಟ್ರು ನಿಂಗೆ?" ಎಂದೆ.

ಅವನು ನಾಗಸ್ವರವನ್ನು ತೊಡೆಯ ಮೇಲಿಟ್ಟುಕೊಂಡ.

"ನಾಕು ವರ್ಷದ ಕೆಳಗೆ ನಾಗಮಂಗಲದ ಕಡೇರ್ದು ಒಂದು ಮದ್ವೆ ಆಯ್ತಲ್ಲ, ಸಹನ ಅಂತ ಹೆಣ್ಣು. ನಾನು ಮಂಟಪಕ್ಕೆ ಮೂರು ಮಾರು ದೂರದಲ್ಲಿದ್ದೆ. ತಾಳಿ ಎತ್ತುದ್ರು. ಆ ಹೆಣ್ಮಗ ಗಂಡನ್ನ ನೋಡ್ನಿಲ್ಲ, ಅವ್ರಪ್ಪನ್ನ ನೋಡ್ಕಂಡು ಏನೋ ಅಂದ್ಲು. ತುಟಿ ಆಡುದ್ದು ಕಾಣ್ತು, ಮಾತು ಕೇಳ್ನಿಲ್ಲ. ಅವ್ರಪ್ಪ ಕಿವಿಗೆ ಕೈ ಕೊಟ್ಕಂಡು ಬಗ್ಗುದ್ರು. ಅವ್ರಿಗೂ ಕೇಳ್ನಿಲ್ಲ. ಇನ್ನೊಂದ್ಸಲ ಅಂದ್ಲು. ಅಷ್ಟ್ರಲ್ಲಿ ನೀವು ಎರ್ಡು ಕೈನೂ ಎತ್ತುದ್ರಿ, ಇನ್ನೂ ಜೋರು ಅಂತ. ಊದ್ದೆ."

"ಎಲ್ಲೋ ಕೂಸು ಅಳ್ತಿತ್ತು ಕಣಯ್ಯ," ಎಂದೆ. ಅಷ್ಟು ಬೇಗ ನೆನಪಾಗಬಾರದಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗಾಯಿತು.

"ನಿಮ್ಮ ತಪ್ಪು ಅಂತ ನಾನಂದ್ನಾ? ಊದ್ದೋನು ನಾನು. ಆಮೇಲೆ ಈ ಸಲದ ಲಗ್ನ ಶುರುವಾಗೋ ಮುಂಚೆ ನಾಗಮಂಗಲದ ಬಸ್ ಸ್ಟ್ಯಾಂಡ್ನಲ್ಲಿ ಕಂಡ್ಲು. ಒಬ್ಳೇ, ಕೈಲೊಂದು ಬ್ಯಾಗು. ಕೊಳ್ನಲ್ಲಿ ತಾಳಿ ಇರ್ನಿಲ್ಲ. ತಡೀನಾರ್ದೆ ಕೇಳ್ಬುಟ್ಟೆ, ಅವತ್ತು ಏನಂದ್ಯವ್ವ ಅಂತ. ನಕ್ಬುಟ್ಲು ಕಣಣ್ಣ. 'ಅವತ್ತೇ ಯಾರ್ಗೂ ಕೇಳ್ನಿಲ್ಲ, ಈಗ ಹೇಳಿ ಏನಾಗ್ಬೇಕು ಸ್ವಾಮಿ' ಅಂದು ಬಸ್ಸತ್ತುದ್ಲು. ಅವತ್ತಿಂದ ನಂಗೆ ಜೋರು ಬರ್ತಿಲ್ಲ. ಹೆಣ್ಣು ಮಾತಾಡುದ್ರೆ ಕೇಳೋವಷ್ಟು ಜಾಗ ಬುಟ್ಟು ಊದ್ತೀನಿ. ಬ್ಯಾಡ ಅನ್ನೋರು ಬ್ಯಾರೆಯೋರ ಕರ್ಕಳ್ಳಿ."

ವಾಪಸ್ ಬರುವಾಗ ಒಂದೇ ಸೀಟಿನಲ್ಲಿ ಕೂತು ಬಂದೆವು. ಊರೆಲ್ಲವನ್ನೂ ಅನುಮಾನಿಸಿದ ನಾನು ನನ್ನ ಕೈಯನ್ನು ಒಂದು ದಿನವೂ ಅನುಮಾನಿಸಿರಲಿಲ್ಲ. ಅದನ್ನು ಜೇಬಿನಲ್ಲಿಟ್ಟುಕೊಂಡೇ ಮನೆಗೆ ಹೋದೆ.

ಹುಡುಗ ಒಪ್ಪಿಗೆಯೇ ಎಂದು ನಾನು ತನುಶ್ರೀಯನ್ನು ಕೇಳಿದಾಗ ಅವಳು "ನಿಮ್ಮಿಷ್ಟ ಅಪ್ಪ" ಎಂದಿದ್ದಳು. ಆಗ ಅದು ಒಳ್ಳೆಯ ಮಗಳ ಮಾತು ಎನ್ನಿಸಿತ್ತು. ಈಗ ಆ ಎರಡು ಮಾತನ್ನೇ ತಿರುಗಿಸಿ ಮುರುಗಿಸಿ ನೋಡತೊಡಗಿದೆ. ಅವಳು ಫೋನು ಹಿಡಿದು ಹಿತ್ತಲಿಗೆ ಹೋದರೆ ಅನುಮಾನ, ಸುಮ್ಮನೆ ಕೂತರೆ ಇನ್ನಷ್ಟು ಅನುಮಾನ. ನೇರ ಕೇಳಿಬಿಡೋಣ ಎಂದು ಮೂರು ಸಲ ಅವಳ ಹತ್ತಿರ ಹೋದೆ. ಮೂರು ಸಲವೂ "ಉಂಡ್ಯಾ ಮಗ?" ಎಂದು ಕೇಳಿ ಬಂದೆ. ನನಗೆ ಹೆದರಿಕೆಯಾಗಿತ್ತು. ಛತ್ರ ಗೊತ್ತಾಗಿದೆ, ಪತ್ರಿಕೆ ಹಂಚಿದ್ದೇವೆ, ಬೀಗರೂಟಕ್ಕೆ ಕುರಿ ಹೇಳಿದ್ದೇವೆ. ಈಗ ಅವಳು ಬೇಡ ಎಂದುಬಿಟ್ಟರೆ?

ಮರಿಸ್ವಾಮಿಯನ್ನೇ ಕರೆಸಿದೆ. ಆದರೆ ನಾನು ನಾನೇ ತಾನೆ. ಸುಭಾನನನ್ನು ಪಕ್ಕಕ್ಕೆ ಕರೆದು ಒಂದು ಒಪ್ಪಂದ ಮಾಡಿಕೊಂಡೆ.

"ನಾನು ಕೈ ಎತ್ತುದ್ರೆ ನಿನ್ ಪೆನ್ ಡ್ರೈವ್ನಲ್ಲಿರೋ ಗಟ್ಟಿಮೇಳನ ಫುಲ್ ವಾಲ್ಯೂಮ್ನಲ್ಲಿ ಬುಟ್ಬುಡು ಕಣ್ಲಾ. ಮರಿಸ್ವಾಮಿಗೆ ಹೇಳ್ಬ್ಯಾಡ."

"ಆಯ್ತಣ್ಣ. ನಿಮ್ ಕೈ ಮ್ಯಾಲೇ ಕಣ್ಣಿಟ್ಟಿರ್ತೀನಿ," ಎಂದ.

ಮುಹೂರ್ತ ಬಂತು. ಮರಿಸ್ವಾಮಿ ಊದುತ್ತಿದ್ದ, ಕೆನ್ನೆಯೂ ಉಬ್ಬಿರಲಿಲ್ಲ. ಹಜಾರವೆಲ್ಲ ಆ ದನಿಯಲ್ಲಿ ನೆನೆದು ನಿಂತಿತ್ತು. ಹುಡುಗ ತಾಳಿ ಕೈಗೆತ್ತಿಕೊಂಡ. ಪುರೋಹಿತರು ನನ್ನ ಕಡೆ ನೋಡಿದರು. ಆ ಕಡೆಯಿಂದ ಸುಭಾನ್ ನೋಡಿದ. ಆಗಲೇ ತನುಶ್ರೀ ತಲೆ ಎತ್ತಿದಳು, ಅವಳ ತುಟಿ ಅಲುಗಿತು. ನನ್ನ ಬಲಗೈ ಇಪ್ಪತ್ತು ವರ್ಷದ ಅಭ್ಯಾಸದಲ್ಲಿ ತಾನಾಗಿಯೇ ಏಳುತ್ತಿತ್ತು. ಎಡಗೈಯಿಂದ ಅದನ್ನು ಹಿಡಿದು ಎದೆಗೆ ಒತ್ತಿಕೊಂಡೆ.

ಮೊದಲು ಸೀನು ಕೇಳಿಸಿತು. ಸೀನಿದವಳು ಅಣ್ಣಮ್ಮನೇ. ಆಮೇಲೆ ಊಟದ ಮನೆಯಲ್ಲಿ ಲೋಟ ಬಿದ್ದದ್ದು. ಆಮೇಲೆ ನನ್ನ ಮಗಳ ದನಿ.

"ವಸಿ ತಡೀರಿ, ಕೂದ್ಲು ಸಿಕ್ಕಾಕಂಡದೆ."

ಹುಡುಗ ಕೈ ತಡೆದ. "ಎಲ್ಲಿ?" ಎಂದ. ಅವಳೇ ಬೆರಳು ಹಿಂದಕ್ಕೆ ತಂದು ಎಳೆ ಬಿಡಿಸಿಕೊಂಡು, "ಊಂ, ಈಗ ಕಟ್ಟಿ," ಎಂದಳು. ಹೇಳುವಾಗ ನಗುತ್ತಿದ್ದಳು. ಅವನು ಕಟ್ಟಿದ. ಅಕ್ಷತೆ ಬಿತ್ತು. ನಾನು ಎಲ್ಲರೆದುರಿಗೆ ಬಿಕ್ಕಿ ಬಿಕ್ಕಿ ಅತ್ತೆ. ಹೆಣ್ಣು ಹೆತ್ತವನ ಸಂಕಟ ಎಂದುಕೊಂಡು ಬೀಗರು ಸಮಾಧಾನ ಮಾಡಿದರು.

ಆ ಗಳಿಗೆಯಲ್ಲಿ ಒಬ್ಬ ಮದುಮಗಳ ದನಿ ನಾನು ಕೇಳಿದ್ದು ಅದೇ ಮೊದಲು. ಮರಿಸ್ವಾಮಿಗೆ ನಮ್ಮ ಛತ್ರದಲ್ಲಿ ಈಗ ಮದುವೆಗಳು ಕಡಿಮೆ; ಜನಕ್ಕೆ ಜೋರೇ ಬೇಕು. ಅವನು ಬಂದ ದಿನ ನಾನು ಕೈ ಎತ್ತುವುದಿಲ್ಲ. ಮಂಟಪದ ಹತ್ತಿರ ಹೋಗಿ ನಿಲ್ಲುತ್ತೇನೆ. ಅವತ್ತು ಸಹನಾಳ ಕೂದಲೂ ಹೀಗೇ ಸಿಕ್ಕಿಕೊಂಡಿರಬೇಕು, ಅವಳು ಅಪ್ಪನಿಗೆ ಹೇಳಿದ್ದೂ ಅಷ್ಟೇ ಇರಬೇಕು ಎಂದು ಅಲ್ಲಿ ನಿಂತಾಗಲೆಲ್ಲ ನನಗೆ ನಾನೇ ಹೇಳಿಕೊಳ್ಳುತ್ತೇನೆ. ನಂಬಿಕೆ ಬರುವುದಿಲ್ಲ.